ರೆಟಿನಾ ಕೆಳಗೆ ನೀರು: ಚಿಕ್ಕಪ್ಪನಿಗೆ ಸ್ಟೆರಾಯ್ಡ್ ಮುಟ್ಟಬೇಡಿ ಎಂದರು, ಅಕ್ಕನಿಗೆ ನಾಳೆಯೇ ಹಾಕಬೇಕು ಎನ್ನುತ್ತಾರೆ. ಯಾವುದು ಸರಿ?

ಬೆಣ್ಣೆದೋಸೆ ದಾವಣಗೆರೆ
ಭಾನುವಾರ ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನನ್ನ ಅಕ್ಕನಿಗೆ 34 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಎರಡು ವಾರದ ಹಿಂದೆ ಜೋರು ತಲೆನೋವು ಶುರುವಾಯಿತು. ಜೊತೆಗೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಕತ್ತು ಬಿಗಿತ. ತಲೆ ಬಾಚಿದರೆ ಕೂದಲ ಬುಡವೆಲ್ಲ ನೋಯುತ್ತದೆ ಎನ್ನುತ್ತಿದ್ದಳು. ಊರಿನ ಡಾಕ್ಟರ್ ಮೈಗ್ರೇನ್ ಎಂದು ಮಾತ್ರೆ ಕೊಟ್ಟರು. ಕಳೆದ ಬುಧವಾರ ತರಗತಿಯಲ್ಲಿ ಬೋರ್ಡ್ ಮೇಲೆ ತಾನೇ ಬರೆದ ಅಕ್ಷರ ತನಗೇ ಕಾಣಲಿಲ್ಲವಂತೆ. ನೀರಿನ ತೊಟ್ಟಿಯೊಳಗಿಂದ ನೋಡಿದ ಹಾಗೆ ಎಂದಳು. ಎರಡೂ ಕಣ್ಣು.

ಇಲ್ಲಿನ ಕಣ್ಣಿನ ಡಾಕ್ಟರ್ ನೋಡಿದ ತಕ್ಷಣ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಕಣ್ಣಿನ ಒಳಪದರ ತೋರಿಸುವ ಓಸಿಟಿ ಸ್ಕ್ಯಾನ್, ಕೈಗೆ ಬಣ್ಣದ ಇಂಜೆಕ್ಷನ್ ಹಾಕಿ ಫೋಟೊ, ಎಲ್ಲಾ ಆಯಿತು. ಬಲಗಣ್ಣು 6/60, ಎಡಗಣ್ಣು 6/36 (ಸರಿಯಾದ ದೃಷ್ಟಿ ಎಂದರೆ 6/6). ಎರಡೂ ಕಣ್ಣಿನ ರೆಟಿನಾ (ಹಿಂಭಾಗದಲ್ಲಿ ಬೆಳಕು ಹಿಡಿಯುವ ಪರದೆ) ಕೆಳಗೆ ನೀರು ತುಂಬಿದೆ, ಇದು ವಿಕೆಎಚ್ ಎನ್ನುವ ಕಾಯಿಲೆ, ನಾಳೆಯೇ ಅಡ್ಮಿಟ್ ಆಗಿ, ಮೂರು ದಿನ ಸ್ಟೆರಾಯ್ಡ್ ಡ್ರಿಪ್, ಆಮೇಲೆ ಕನಿಷ್ಠ ಆರು ತಿಂಗಳು ಮಾತ್ರೆ ಎಂದಿದ್ದಾರೆ.

ತೊಂದರೆ ಇರುವುದು ಮನೆಯಲ್ಲಿ. ಮೂರು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನಿಗೂ ರೆಟಿನಾ ಕೆಳಗೆ ನೀರು ಬಂದಿತ್ತು, ಒಂದೇ ಕಣ್ಣಿಗೆ. ಆಗ ಡಾಕ್ಟರ್ "ಜೀವನದಲ್ಲಿ ಸ್ಟೆರಾಯ್ಡ್ ಮುಟ್ಟಬೇಡಿ" ಎಂದಿದ್ದರು. ಮೂರು ತಿಂಗಳಲ್ಲಿ ಅದು ತಾನೇ ಒಣಗಿತು. ಈಗ ಚಿಕ್ಕಪ್ಪ ಪಟ್ಟು ಹಿಡಿದು ಕೂತಿದ್ದಾರೆ: "ನನಗೂ ಇದೇ ಆಗಿದ್ದು. ಸ್ಟೆರಾಯ್ಡ್ ಹಾಕಿಸಿದರೆ ಹುಡುಗಿ ಕುರುಡಾಗುತ್ತಾಳೆ. ಮೂರು ತಿಂಗಳು ಕಾಯಿರಿ." ಮನೆಯಲ್ಲಿ ಅವರ ಮಾತು ತೆಗೆದುಹಾಕುವವರು ಯಾರೂ ಇಲ್ಲ. ಭಾವ ಎರಡೂ ಕಡೆ ತಲೆ ಆಡಿಸುತ್ತಿದ್ದಾರೆ.

ಒಂದೇ ನೀರು, ಒಂದೇ ಜಾಗ, ಎರಡು ಉಲ್ಟಾ ಮಾತು. ಗೊತ್ತಿರುವವರು ಹೇಳಿ.

ಗಿಳಿಮೂತಿ
ರಾತ್ರಿ 9.58

ಕೆಮ್ಮು ಬಂದವರಿಗೆಲ್ಲ ಒಂದೇ ಕಾಯಿಲೆ ಇರುತ್ತದಾ? ಅಷ್ಟೇ ಇದು.

ನಾಡಹಂಚು ತೀರ್ಥಹಳ್ಳಿ
ರಾತ್ರಿ 10.12

ನನಗೆ 2019ರಲ್ಲಿ ರೆಟಿನಾ ಕಿತ್ತುಬಂದಿತ್ತು. ಸ್ಟೆರಾಯ್ಡೂ ಇಲ್ಲ, ಕಾಯುವುದೂ ಇಲ್ಲ. ಇದಕ್ಕೆ ಆಪರೇಷನ್ ಒಂದೇ ದಾರಿ. ಮೊದಲು ಕಣ್ಣ ಮೂಲೆಯಲ್ಲಿ ಮಿಂಚು ಹೊಡೆದ ಹಾಗೆ, ಆಮೇಲೆ ಕಪ್ಪು ನೊಣಗಳು ಹಾರಿದ ಹಾಗೆ, ಮೂರನೇ ದಿನ ಕೆಳಗಿನಿಂದ ಪರದೆ ಏರಿಬಂತು. ಮರುದಿನವೇ ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ಒಂದು ವಾರ ಮುಖ ಕೆಳಗೆ ಮಾಡಿ ಮಲಗಬೇಕು. ಊಟವೂ ಹಾಗೇ. ನಮ್ಮ ಮನೆಯವಳು ನೆಲದ ಮೇಲೆ ಕನ್ನಡಿ ಇಟ್ಟು ಟಿವಿ ತೋರಿಸಿದಳು.

ತಡ ಮಾಡಬೇಡಿ. ಸರ್ಜನ್ ಹತ್ತಿರ ಹೋಗಿ. ಮಾತ್ರೆ ಡ್ರಿಪ್ ಎಲ್ಲ ಸುಮ್ನೆ ಕಾಲ ಕಳೆಯುವುದು.

ಕಣ್ಣಿನ ಪಿಜಿ
ರಾತ್ರಿ 10.31

ನಾನು ನೇತ್ರವಿಜ್ಞಾನದಲ್ಲಿ ಪಿಜಿ ಓದುತ್ತಿದ್ದೇನೆ. ಅಕ್ಕನನ್ನು ನೋಡಿಲ್ಲ, ಹಾಗಾಗಿ ನನ್ನ ಮಾತು ಅವರ ಡಾಕ್ಟರ ಮಾತಿನ ಮೇಲಲ್ಲ. ಆದರೆ ಮೇಲಿನ ಕಾಮೆಂಟ್ ನೋಡಿ ಸುಮ್ಮನಿರಲು ಆಗಲಿಲ್ಲ.

ಹಂಚು ಅವರೇ, ನಿಮ್ಮದು ಸರಿ, ನಿಮ್ಮ ಕಾಯಿಲೆಗೆ. ರೆಟಿನಾ ಏಳುವುದಕ್ಕೆ ಮೂರು ದಾರಿ ಇದೆ. ನಿಮ್ಮ ಹೆಸರಿನಲ್ಲೇ ಉದಾಹರಣೆ ಇದೆ ನೋಡಿ. ಹಂಚು ಒಡೆದು ಮಳೆನೀರು ಒಳಗೆ ಇಳಿಯುವುದು ಒಂದು. ರೆಟಿನಾದಲ್ಲಿ ತೂತು ಬಿದ್ದು, ಕಣ್ಣೊಳಗಿನ ದ್ರವ ಆ ತೂತಿನಿಂದ ಹಿಂದೆ ನುಗ್ಗುತ್ತದೆ. ನಿಮಗೆ ಆಗಿದ್ದು ಇದೇ. ತೂತು ಮುಚ್ಚಲೇಬೇಕು, ಆಪರೇಷನ್ ಬೇಕೇ ಬೇಕು. ಎರಡನೆಯದು, ಗೋಡೆಗೆ ಅಂಟಿದ ಬಳ್ಳಿ ಒಣಗಿ ಗಾರೆಯನ್ನೇ ಕಿತ್ತುಕೊಂಡು ಬರುವ ಹಾಗೆ. ಸಕ್ಕರೆ ಕಾಯಿಲೆಯಲ್ಲಿ ರೆಟಿನಾ ಮೇಲೆ ಪೊರೆ ಬೆಳೆದು ಎಳೆಯುವುದು. ಮೂರನೆಯದರಲ್ಲಿ ತೂತೂ ಇಲ್ಲ, ಎಳೆತವೂ ಇಲ್ಲ. ಗೋಡೆಯ ಹಿಂದಿನಿಂದ ಒರತೆ ಬಂದು ಸುಣ್ಣ ಉಬ್ಬುತ್ತದೆ. ರೆಟಿನಾ ಹಿಂದೆ ಕೊರಾಯ್ಡ್ ಎಂಬ ರಕ್ತನಾಳಗಳ ಪದರ ಇದೆ. ಅದು ಊದಿದರೆ ಅಥವಾ ಸೋರಿದರೆ ನೀರು ರೆಟಿನಾ ಕೆಳಗೆ ಸೇರುತ್ತದೆ. ಅಕ್ಕನದೂ ಚಿಕ್ಕಪ್ಪನದೂ ಈ ಮೂರನೇ ಗುಂಪು. ಇಲ್ಲಿ ಚಾಕು ಹಾಕಿದರೆ ಏನೂ ಪ್ರಯೋಜನ ಇಲ್ಲ. ಒರತೆ ಯಾಕೆ ಬಂತು ಎಂದು ನೋಡಬೇಕು.

ನಾಡಹಂಚು ತೀರ್ಥಹಳ್ಳಿ
ರಾತ್ರಿ 10.40

ಒಪ್ಪಿದೆ. ನನಗೆ ಒಂದೇ ಡಿಟ್ಯಾಚ್‌ಮೆಂಟ್ (ರೆಟಿನಾ ಏಳುವುದು) ಗೊತ್ತಿದ್ದದ್ದು, ನನ್ನದು.

ಸಹ್ಯಾದ್ರಿ ವೈದ್ಯ ಅಭಿಮಾನಿ
ರಾತ್ರಿ 10.44

ಸ್ಟೆರಾಯ್ಡ್ ಎಂದರೆ ವಿಷ. ತ್ರಿಫಲ ಕಷಾಯದಲ್ಲಿ ಕಣ್ಣು ತೊಳೆಯಿರಿ, ನೇತ್ರ ತರ್ಪಣ ಮಾಡಿಸಿ. 21 ದಿನದಲ್ಲಿ ಗುಣ.

ಗಿಳಿಮೂತಿ
ರಾತ್ರಿ 10.46

ಕಷಾಯ ಕಣ್ಣಿನ ಮುಂಭಾಗಕ್ಕೆ ಬೀಳುತ್ತದೆ. ಕಾಯಿಲೆ ಇರುವುದು ಹಿತ್ತಲಲ್ಲಿ. ಮುಂಬಾಗಿಲಿಗೆ ನೀರು ಹಾಕಿದರೆ ಹಿತ್ತಲ ಬೆಂಕಿ ಆರುತ್ತದಾ?

ಸಹ್ಯಾದ್ರಿ ವೈದ್ಯ ಅಭಿಮಾನಿ
ರಾತ್ರಿ 10.49

ನಿಮಗೆ ನಮ್ಮ ಪರಂಪರೆ ಎಂದರೆ ತಾತ್ಸಾರ.

ಗಿಳಿಮೂತಿ
ರಾತ್ರಿ 10.50

ಪರಂಪರೆಗೆ ನಮಸ್ಕಾರ. 21 ದಿನ ಎಂಬ ಲೆಕ್ಕಕ್ಕೆ ಮಾತ್ರ ತಾತ್ಸಾರ.

ಬಿಳಿರೆಪ್ಪೆ
ರಾತ್ರಿ 11.20

ತಮ್ಮಾ ಬೆಣ್ಣೆದೋಸೆ, ನಿನ್ನ ಪೋಸ್ಟ್ ಓದಿ ಎದ್ದು ಕೂತೆ. ತಲೆ ಬಾಚಿದರೆ ನೋವು ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲಿಗೆ. ನನಗೂ ಹಾಗೇ ಶುರುವಾಗಿದ್ದು. ಆರು ವರ್ಷದ ಹಿಂದೆ. ದಿಂಬಿಗೆ ತಲೆ ತಾಗಿದರೆ ಸಾಕು, ಉರಿ. ಮನೆಯಲ್ಲಿ ಎಲ್ಲರೂ ಹೊಸ ಶಾಂಪೂ ಮೇಲೆ ತಪ್ಪು ಹೊರಿಸಿದರು. ಕಿವಿ ಗುಂಯ್‌ಗುಟ್ಟುತ್ತಿತ್ತು. ಒಬ್ಬರು ಸೈನಸ್ ಎಂದರು. ಇನ್ನೊಬ್ಬರು ಮೆದುಳಿನ ಜ್ವರ ಇರಬಹುದು ಎಂದು ಬೆನ್ನಿನಿಂದ ನೀರು ತೆಗೆದು ನೋಡಿದರು. ಹತ್ತನೇ ದಿನ ಕಣ್ಣು ಹೋಯಿತು.

ನನಗೂ ವಿಕೆಎಚ್. ನಮ್ಮ ಮೈಗೆ ಬಣ್ಣ ಕೊಡುವ ಕಣಗಳ ಮೇಲೆ ನಮ್ಮ ಮೈಯೇ ಜಗಳಕ್ಕೆ ಹೋಗುವ ಕಾಯಿಲೆ ಇದು ಎಂದು ನನಗೆ ವಿವರಿಸಿದ್ದರು. ಆ ಕಣಗಳು ಕಣ್ಣಿನ ಕೊರಾಯ್ಡಿನಲ್ಲಿವೆ, ಒಳಕಿವಿಯಲ್ಲಿವೆ, ಮೆದುಳಿನ ಹೊದಿಕೆಯಲ್ಲಿವೆ, ಚರ್ಮ, ಕೂದಲಲ್ಲಿವೆ. ಅದಕ್ಕೇ ತಲೆನೋವು, ಕಿವಿ ಸದ್ದು, ಕಣ್ಣು, ಎಲ್ಲಾ ಒಂದೇ ದಾರದಲ್ಲಿ ಬರುವುದು. ಇದು ಗೊತ್ತಾದಾಗ ಎಷ್ಟೋ ಸಮಾಧಾನ ಆಯಿತು. ಅಲ್ಲಿಯವರೆಗೆ ನನಗೆ ಐದು ಕಾಯಿಲೆ ಇದೆ ಎಂದುಕೊಂಡಿದ್ದೆ.

ಡ್ರಿಪ್ ಹಾಕಿದ ಮೂರನೇ ದಿನ ಗಡಿಯಾರದ ಮುಳ್ಳು ಕಂಡಿತು. ಎರಡು ವಾರಕ್ಕೆ ಪೇಪರ್ ಓದಿದೆ. ಇಲ್ಲಿಯವರೆಗೆ ಕಥೆ ಚೆನ್ನಾಗಿದೆ, ಅಲ್ವಾ? ಮುಂದೆ ನಾನು ಮಾಡಿದ ಪೆದ್ದುತನ ಕೇಳು. ಮುಖ ಊದಿ ಕುಂಬಳಕಾಯಿ ಆಯಿತು. ತೂಕ ಏರಿತು. ರಾತ್ರಿ ನಿದ್ದೆ ಇಲ್ಲ, ಎರಡು ಗಂಟೆಗೆ ಎದ್ದು ಉಪ್ಪಿಟ್ಟು ಮಾಡಿ ತಿನ್ನುತ್ತಿದ್ದೆ. ತಂಗಿ ಮದುವೆ ಹತ್ತಿರ ಬಂತು. ಕಣ್ಣು ಸರಿಹೋಗಿದೆಯಲ್ಲ ಎಂದು ಎರಡೂವರೆ ತಿಂಗಳಿಗೆ ಮಾತ್ರೆ ನಾನೇ ನಿಲ್ಲಿಸಿದೆ. ಮದುವೆಯ ವಾರವೇ ಕಣ್ಣು ಕೆಂಪಾಗಿ ಮತ್ತೆ ಮಂಜು. ಹಾಗೆ ಒಮ್ಮೆಲೇ ನಿಲ್ಲಿಸಿದ್ದಕ್ಕೆ ತಲೆಸುತ್ತಿ ಬಿದ್ದೆ ಕೂಡ. ಈ ಸಲ ಮೊದಲಿನಷ್ಟು ಸುಲಭದಲ್ಲಿ ತಗ್ಗಲಿಲ್ಲ. ಮೈಯ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಿಯೊಪ್ರಿನ್ ಮಾತ್ರೆ ಸೇರಿಸಿದರು, ಎರಡು ವರ್ಷ ನಡೆಯಿತು. ಎಡಗಣ್ಣು ಈಗಲೂ 6/18ರಲ್ಲೇ ನಿಂತಿದೆ. ಅದು ನನ್ನ ಕೈಯಾರೆ ಕಳೆದುಕೊಂಡದ್ದು.

ಇನ್ನೊಂದು ಮಾತು ಅಕ್ಕನಿಗೆ ಈಗಲೇ ಹೇಳಬೇಡ, ನೀನು ತಿಳಿದುಕೊಂಡಿರು. ಕೆಲವರಿಗೆ ತಿಂಗಳುಗಳ ನಂತರ ರೆಪ್ಪೆ, ಹುಬ್ಬು ಬೆಳ್ಳಗಾಗಬಹುದು, ಚರ್ಮದಲ್ಲಿ ಬಿಳಿ ಕಲೆ ಬರಬಹುದು. ನನ್ನ ಹೆಸರು ಅದಕ್ಕೇ. ಬೇಗ ಔಷಧಿ ಶುರುಮಾಡಿದವರಲ್ಲಿ ಇದು ಕಡಿಮೆ ಎಂದು ನಮ್ಮ ಡಾಕ್ಟರ್ ಹೇಳುತ್ತಿದ್ದರು. ಮದುವೆ ಮನೆಯಲ್ಲಿ ಒಬ್ಬರು ನನ್ನ ತಟ್ಟೆಯ ಪಕ್ಕದಿಂದ ಎದ್ದು ಹೋದರು, ಅಂಟುತ್ತದೆ ಎಂದು. ಅಂಟುವುದಿಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ.

ಚಿಕ್ಕಪ್ಪನಿಗೆ ನನ್ನ ನಂಬರ್ ಕೊಡು ಎನ್ನುತ್ತಿದ್ದೆ, ಆದರೆ ಇಲ್ಲಿ ನಂಬರ್ ಹಾಕುವ ಹಾಗಿಲ್ಲ. ಈ ಕಾಮೆಂಟ್ ಓದಿ ಹೇಳು.

ರಾಗಿಮುದ್ದೆ
ರಾತ್ರಿ 11.31

ಅಕ್ಕಾ, ಎರಡು ಗಂಟೆಗೆ ಉಪ್ಪಿಟ್ಟು ಎಂದು ಓದಿ ನಗು ಬಂತು, ಮುಂದೆ ಓದಿ ನಗು ನಿಂತಿತು.

ಬೆಣ್ಣೆದೋಸೆ ದಾವಣಗೆರೆ
ರಾತ್ರಿ 11.45

ಅಕ್ಕಾ, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಅತ್ತುಬಿಟ್ಟರು.

ಇನ್ನೊಂದು ಗಾಬರಿ. ಸ್ಕ್ಯಾನ್ ರಿಪೋರ್ಟಿನಲ್ಲಿ "ಬ್ಯಾಸಿಲರಿ ಲೇಯರ್ ಡಿಟ್ಯಾಚ್‌ಮೆಂಟ್" ಎಂದು ಬರೆದಿದೆ. ಬ್ಯಾಸಿಲಸ್ ಎಂದರೆ ಬ್ಯಾಕ್ಟೀರಿಯಾ ಅಲ್ವಾ? ಟಿಬಿಯದೂ ಅದೇ ಜಾತಿ ಎಂದು ಪಿಯುಸಿಯಲ್ಲಿ ಓದಿದ ನೆನಪು. ಅದಕ್ಕೆ ಸರಿಯಾಗಿ ಟಿಬಿ ಟೆಸ್ಟ್, ಎದೆ ಎಕ್ಸ್‌ರೇ ಕೂಡ ಬರೆದಿದ್ದಾರೆ. ಅಕ್ಕನಿಗೆ ಕಣ್ಣಿನ ಟಿಬಿ ಇದ್ದು ನಮ್ಮಿಂದ ಮುಚ್ಚಿಡುತ್ತಿದ್ದಾರಾ? ಚಿಕ್ಕಪ್ಪನ ಕೈಗೆ ಇದು ಸಿಕ್ಕರೆ ಮುಗಿಯಿತು.

ಸ್ಕ್ಯಾನ್ ರೂಮಿನವನು
ಸೋಮವಾರ ಬೆಳಿಗ್ಗೆ 6.10

ಹನ್ನೊಂದು ವರ್ಷದಿಂದ ಓಸಿಟಿ ತೆಗೆಯುತ್ತಿದ್ದೇನೆ. ಈ ಪದಕ್ಕೆ ಹೆದರಿದವರನ್ನು ನಾನೂ ನೋಡಿದ್ದೇನೆ. ಬ್ಯಾಸಿಲಸ್ ಎಂದರೆ ಲ್ಯಾಟಿನ್‌ನಲ್ಲಿ ಸಣ್ಣ ಕಡ್ಡಿ. ಕಡ್ಡಿ ಆಕಾರದ ಬ್ಯಾಕ್ಟೀರಿಯಾಕ್ಕೆ ಆ ಹೆಸರು ಬಂತು. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳೂ ಕಡ್ಡಿ ಜೋಡಿಸಿಟ್ಟ ಹಾಗೆ ನಿಂತಿವೆ. ಆ ಕಡ್ಡಿಗಳ ಪದರಕ್ಕೆ ಹಳೆಯ ಕಾಲದವರು ಇಟ್ಟ ಹೆಸರು ಬ್ಯಾಸಿಲರಿ. ಕ್ರಿಮಿಗೂ ಅದಕ್ಕೂ ಸಂಬಂಧ ಇಲ್ಲ.

ಪಿಜಿ ಅವರು ಸುಣ್ಣದ ಉದಾಹರಣೆ ಕೊಟ್ಟರು. ಅದನ್ನೇ ಮುಂದುವರಿಸುತ್ತೇನೆ. ಮಾಮೂಲಿ ಡಿಟ್ಯಾಚ್‌ಮೆಂಟ್‌ನಲ್ಲಿ ಗೋಡೆಯಿಂದ ಗಾರೆ ಪೂರ್ತಿ ಬಿಟ್ಟುಬರುತ್ತದೆ. ಬ್ಯಾಸಿಲರಿಯಲ್ಲಿ ಗಾರೆಯೇ ನಡುವೆ ಸೀಳುತ್ತದೆ. ಒಂದು ತೆಳು ಪದರ ಗೋಡೆಗೆ ಅಂಟಿಕೊಂಡೇ ಇರುತ್ತದೆ, ಉಳಿದದ್ದು ಮೇಲೇಳುತ್ತದೆ. ನಡುವೆ ನೀರು. ಸೀಳುವ ಜಾಗ ಯಾವುದೆಂದರೆ ಆ ಬೆಳಕಿನ ಕೋಶಗಳ ಒಳಗಿನ ಮಯಾಯ್ಡ್ ಎಂಬ ಭಾಗ. ಅದು ಕೋಶದ ಮೆತ್ತಗಿನ ಜಾಗ. ಕೆಳಗಿನಿಂದ ನೀರು ಒಮ್ಮೆಲೇ ಜೋರಾಗಿ ಒತ್ತಿದರೆ ಅಲ್ಲೇ ಬಿರುಕು ಬಿಡುತ್ತದೆ.

ಸ್ಕ್ಯಾನಿನಲ್ಲಿ ಅದು ಪೂರಿ ಉಬ್ಬಿದ ಹಾಗೆ ಕಾಣುತ್ತದೆ. ಕೆಳಗೆ ಒಂದು ಪದರ, ಮೇಲೆ ಒಂದು, ನಡುವೆ ಗುಮ್ಮಟ. ಒಳಗಿನ ನೀರೂ ಬೂದು ಬೂದಾಗಿ, ಸ್ವಲ್ಪ ದಪ್ಪ ಇದ್ದ ಹಾಗೆ ಕಾಣಬಹುದು. ಮೊದಲೆಲ್ಲ ಇದನ್ನೂ ಸಾದಾ ನೀರು ಎಂದೇ ಬರೆಯುತ್ತಿದ್ದರು. ಮಷೀನುಗಳು ಚುರುಕಾದ ಮೇಲೆ ಬೇರೆ ಎಂದು ಗೊತ್ತಾಯಿತು. ಈ ಹೆಸರು ರಿಪೋರ್ಟುಗಳಲ್ಲಿ ಓಡಾಡಲು ಶುರುವಾಗಿ ಕೆಲವೇ ವರ್ಷ ಆಗಿದೆ.

ಕಣ್ಣಿನ ಪಿಜಿ
ಬೆಳಿಗ್ಗೆ 7.05

ಸ್ಕ್ಯಾನ್ ಅಣ್ಣ ಹೇಳಿದ್ದಕ್ಕೆ ಇಷ್ಟು ಸೇರಿಸುತ್ತೇನೆ. ಈ ಸೀಳು ವಿಕೆಎಚ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅದರಲ್ಲಿ ಮಾತ್ರ ಅಲ್ಲ. ಬೆಕ್ಕಿನ ಮಲ, ಅರೆಬೆಂದ ಮಾಂಸದಿಂದ ಬರುವ ಟಾಕ್ಸೊಪ್ಲಾಸ್ಮಾ, ಕಣ್ಣಿನ ಬಿಳಿ ಗೋಡೆಯ ಹಿಂಭಾಗ ಊದುವ ಸ್ಕ್ಲೆರೈಟಿಸ್, ಕಣ್ಣಿಗೆ ಪೆಟ್ಟು, ವಯಸ್ಸಾದವರ ಮ್ಯಾಕ್ಯುಲಾ (ರೆಟಿನಾದ ನಟ್ಟನಡುವಿನ ಭಾಗ) ಕಾಯಿಲೆ, ಟಿಬಿಯಿಂದ ಕೊರಾಯ್ಡ್ ಊದುವುದು, ಹೀಗೆ ಬಹಳ ಕಡೆ ಕಂಡಿದೆ. ಹಾಗಾಗಿ ಆ ಪದ ಒಂದು ಕಾಯಿಲೆಯ ಹೆಸರಲ್ಲ, ಒಂದು ನೋಟದ ಹೆಸರು. "ಮನೆ ಮುಂದೆ ನೀರು ನಿಂತಿದೆ" ಎಂದ ಹಾಗೆ. ಪೈಪ್ ಒಡೆಯಿತೋ ಮಳೆ ಬಂತೋ ಅದು ಹೇಳುವುದಿಲ್ಲ.

ಸೀಳು ಎಂದರೆ ಕೇಳಲು ಭಯ. ಆದರೆ ಉರಿಯೂತದ ಕಾಯಿಲೆಗಳಲ್ಲಿ ಸರಿಯಾದ ಔಷಧಿ ಬಿದ್ದರೆ ಇದು ಬೇಗ ಕೂಡಿಕೊಳ್ಳುತ್ತದೆ, ಎಷ್ಟೋ ಸಲ ಕೆಲವೇ ದಿನದಲ್ಲಿ.

ಟಿಬಿ ಟೆಸ್ಟ್ ಯಾಕೆ ಎಂದರೆ ಎರಡು ಕಾರಣ. ಟಿಬಿ ಕೂಡ ಇದೇ ವೇಷದಲ್ಲಿ ಬರಬಹುದು. ಇನ್ನೊಂದು, ದೊಡ್ಡ ಡೋಸ್ ಸ್ಟೆರಾಯ್ಡ್ ಕೊಟ್ಟಾಗ ಮೈಯಲ್ಲಿ ಮಲಗಿರುವ ಟಿಬಿ ಏಳಬಹುದು. ಮೊದಲೇ ನೋಡಿಕೊಳ್ಳುವುದು ಒಳ್ಳೆಯ ಡಾಕ್ಟರ ಲಕ್ಷಣ.

ಈಗ ಮುಖ್ಯ ಪ್ರಶ್ನೆ, ಚಿಕ್ಕಪ್ಪ ವರ್ಸಸ್ ಅಕ್ಕ. ಚಿಕ್ಕಪ್ಪನದು ಬಹುಶಃ ಸೆಂಟ್ರಲ್ ಸೀರಸ್, ನಾವು ಸಿಎಸ್‌ಸಿಆರ್ ಎನ್ನುವುದು. ಹೆಚ್ಚಾಗಿ 30ರಿಂದ 50ರ ಗಂಡಸರಿಗೆ, ಹೆಚ್ಚಾಗಿ ಒಂದೇ ಕಣ್ಣು. ನಟ್ಟನಡುವೆ ಬೂದು ಕಲೆ, ಸಾಮಾನು ಚಿಕ್ಕದಾಗಿ ಕಾಣುವುದು, ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುವುದು. ಅಲ್ಲಿ ಉರಿಯೂತದ ಕಾಯಿಲೆ ಇಲ್ಲ, ರಕ್ತನಾಳ ಸೋರುತ್ತದೆ ಅಷ್ಟೇ. ಆ ಸೋರಿಕೆಗೆ ಸ್ಟೆರಾಯ್ಡ್ ತುಪ್ಪ ಸುರಿದ ಹಾಗೆ. ಸ್ಟೆರಾಯ್ಡ್ ನಿಲ್ಲಿಸಿ ಕಾದರೆ ಬಹಳ ಜನರಿಗೆ ಮೂರು ನಾಲ್ಕು ತಿಂಗಳಲ್ಲಿ ಒಣಗುತ್ತದೆ. ಅಕ್ಕನದು ಉರಿಯೂತ. ಬೆಂಕಿ ಉರಿಯುತ್ತಿದೆ, ಅದನ್ನು ಆರಿಸುವುದೇ ಸ್ಟೆರಾಯ್ಡ್. ಮೂರು ತಿಂಗಳು ಕಾದರೆ ಒಣಗುವುದಿಲ್ಲ, ಸುಟ್ಟುಹೋಗುತ್ತದೆ.

ಚಿಕ್ಕಪ್ಪನನ್ನು ಬೈಯಬೇಡಿ. ಅವರ ಡಾಕ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ, ಅವರ ಕಣ್ಣಿಗೆ.

ಎರಡನೇ ಅಭಿಪ್ರಾಯ
ಬೆಳಿಗ್ಗೆ 8.20

ಇಷ್ಟು ಸುಲಭ ಎನ್ನುವ ಹಾಗೆ ಬರೆದಿದ್ದೀರಿ. ನನ್ನ ಗೆಳೆಯನಿಗೆ ಮೊದಲು ವಿಕೆಎಚ್ ಎಂದು ಸ್ಟೆರಾಯ್ಡ್ ಕೊಟ್ಟರು. ನೀರು ಇನ್ನೂ ಜಾಸ್ತಿ ಆಯಿತು. ಬೇರೆ ಕಡೆ ತೋರಿಸಿದಾಗ ಸಿಎಸ್‌ಸಿಆರ್ ಎಂದರು. ಡಾಕ್ಟರುಗಳೇ ತಪ್ಪುವಾಗ ಮನೆಯವರು ಅನುಮಾನ ಪಡುವುದರಲ್ಲಿ ತಪ್ಪೇನು?

ಕಣ್ಣಿನ ಪಿಜಿ
ಬೆಳಿಗ್ಗೆ 8.41

ತಪ್ಪಿಲ್ಲ. ಎರಡೂ ಒಂದರಂತೆ ಒಂದು ಕಾಣುವ ಕೇಸುಗಳು ನಿಜವಾಗಿ ಇವೆ. ಸಿಎಸ್‌ಸಿಆರ್ ಕೂಡ ಕೆಲವರಿಗೆ ಎರಡೂ ಕಣ್ಣಿಗೆ, ಗುಳ್ಳೆ ಗುಳ್ಳೆಯಾಗಿ ಬರುತ್ತದೆ. ಅದಕ್ಕೇ ಬಣ್ಣದ ಇಂಜೆಕ್ಷನ್ ಫೋಟೊ ಬೇಕಾಗುವುದು. ವಿಕೆಎಚ್‌ನಲ್ಲಿ ಸೂಜಿ ಚುಚ್ಚಿದ ಹಾಗೆ ಹತ್ತಾರು ಚುಕ್ಕೆಗಳಿಂದ ಬಣ್ಣ ಸೋರುತ್ತದೆ, ಕಣ್ಣಿನ ನರದ ತುದಿಯೂ ಹೊಳೆಯಬಹುದು. ಸಿಎಸ್‌ಸಿಆರ್‌ನಲ್ಲಿ ಸಾಮಾನ್ಯವಾಗಿ ಒಂದೆರಡು ಜಾಗ, ಕೆಲವೊಮ್ಮೆ ಚಿಮಣಿ ಹೊಗೆ ಎದ್ದ ಹಾಗೆ. ಮತ್ತೆ ತಲೆನೋವು, ಕಿವಿ ಸದ್ದು, ಕೂದಲ ಬುಡದ ನೋವು ಸಿಎಸ್‌ಸಿಆರ್‌ನ ಕಥೆ ಅಲ್ಲ. ಅಕ್ಕನ ವಿಷಯದಲ್ಲಿ ಆ ಕಥೆಯೇ ಅರ್ಧ ಉತ್ತರ ಹೇಳುತ್ತಿದೆ.

ಎರಡನೇ ಅಭಿಪ್ರಾಯ ಬೇಕಾದರೆ ತಗೊಳ್ಳಿ. ಆದರೆ ಇವತ್ತು ನಾಳೆಯೊಳಗೆ. ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್ ಅಲ್ಲ.

ಎರಡನೇ ಅಭಿಪ್ರಾಯ
ಬೆಳಿಗ್ಗೆ 8.44

ಇದನ್ನು ಒಪ್ಪುತ್ತೇನೆ. ಹೆಸರಿಗೆ ತಕ್ಕ ಹಾಗೆ ಮಾತಾಡಿದೆ, ಬೇಜಾರು ಮಾಡಿಕೊಳ್ಳಬೇಡಿ.

ಕೋಲಾರದ ಚಿನ್ನ
ಬೆಳಿಗ್ಗೆ 9.15

ಎಲ್ಲಾ ಮೊಬೈಲ್ ನೋಡಿದ್ದರಿಂದ. ನಮ್ಮ ಕಾಲದಲ್ಲಿ ಈ ಕಾಯಿಲೆ ಎಲ್ಲಿತ್ತು?

ಗಿಳಿಮೂತಿ
ಬೆಳಿಗ್ಗೆ 9.17

ಹರಾಡ ಇದನ್ನು ಬರೆದದ್ದು 1926ರಲ್ಲಿ, ಜಪಾನಿನಲ್ಲಿ. ಕೊಯಾನಗಿ 1929. ಸ್ವಿಟ್ಜರ್ಲೆಂಡಿನ ಫೋಕ್ಟ್ 1906. ವಿಕೆಎಚ್ ಎಂದರೆ ಈ ಮೂವರ ಹೆಸರಿನ ಮೊದಲ ಅಕ್ಷರ. ಯಾವ ಕಂಪನಿಯ ಮೊಬೈಲ್ ಇತ್ತೋ ಅವರ ಹತ್ತಿರ.

ಮಂಡ್ಯದ ಬೆಲ್ಲ
ಬೆಳಿಗ್ಗೆ 9.40

ನನ್ನ ಹೆಂಡತಿಗೆ ಎಂಟನೇ ತಿಂಗಳಲ್ಲಿ ಬಿಪಿ ವಿಪರೀತ ಏರಿ ಕಣ್ಣು ಮಂಜಾಗಿತ್ತು. ಅದೂ ರೆಟಿನಾ ಕೆಳಗೆ ನೀರು ಎಂದೇ ಹೇಳಿದ್ದರು. ಕಣ್ಣಿಗೆ ಏನೂ ಮಾಡಲಿಲ್ಲ. ಹೆರಿಗೆ ಮಾಡಿಸಿ ಬಿಪಿ ಇಳಿಸಿದರು, ಕೆಲವು ವಾರದಲ್ಲಿ ಕಣ್ಣೂ ಸರಿಯಾಯಿತು. ಮಗಳಿಗೆ ಈಗ ನಾಲ್ಕು ವರ್ಷ. ಈ ಚರ್ಚೆ ಓದಿದ ಮೇಲೆ ಅರ್ಥವಾಯಿತು, ಅದು ಮೂರನೇ ಗುಂಪು ಎಂದು.

ಅಪ್ಪು ದೇವರು
ಬೆಳಿಗ್ಗೆ 10.02

ಇಷ್ಟೆಲ್ಲ ಯಾಕೆ, ಯಾರಾದರೂ ದಾನ ಮಾಡಿದ ಕಣ್ಣು ಹಾಕಿಸಬಹುದಲ್ಲ? ನಮ್ಮ ಅಪ್ಪು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು.

ಸ್ಕ್ಯಾನ್ ರೂಮಿನವನು
ಬೆಳಿಗ್ಗೆ 10.20

ಅಪ್ಪು ಹೆಸರು ಎತ್ತಿದ್ದೀರಿ, ಹಾಗಾಗಿ ಸಮಾಧಾನವಾಗಿ ಹೇಳುತ್ತೇನೆ. ಕಣ್ಣು ಪೂರ್ತಿ ಬದಲಾಯಿಸಿ ದೃಷ್ಟಿ ಬರಿಸಲು ಆಗುವುದಿಲ್ಲ. ದಾನದಿಂದ ಕಸಿ ಮಾಡುವುದು ಕಾರ್ನಿಯಾ, ಮುಂದಿನ ಗಾಜಿನಂತಹ ಪದರ. 2021ರ ಅಕ್ಟೋಬರಿನಲ್ಲಿ ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಪದರವಾಗಿ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು. ಎರಡು ಕಣ್ಣು, ನಾಲ್ಕು ಜನ, ಲೆಕ್ಕ ಹೇಗೆ ಎಂದು ಆಗ ನನ್ನನ್ನು ಕೇಳದ ನೆಂಟರಿಲ್ಲ. ರೆಟಿನಾ ಹಾಗಲ್ಲ. ಅದು ಮೆದುಳಿಗೆ ಹೋಗುವ ನರದ ಬೇರು. ಒಬ್ಬರದು ಕಿತ್ತು ಇನ್ನೊಬ್ಬರಿಗೆ ನೆಡಲು ಬರುವುದಿಲ್ಲ.

ಅಪ್ಪು ದೇವರು
ಬೆಳಿಗ್ಗೆ 10.22

ಓಹ್. ನನಗೆ ಇದು ಗೊತ್ತಿರಲಿಲ್ಲ. ನಾನೂ ನೇತ್ರದಾನಕ್ಕೆ ಬರೆದುಕೊಟ್ಟಿದ್ದೇನೆ ಸರ್.

ಮೇಷ್ಟ್ರು ನಿವೃತ್ತ
ಬೆಳಿಗ್ಗೆ 11.00

ದಾರಿ ತಪ್ಪುತ್ತಿದ್ದೇನೆ, ಕ್ಷಮಿಸಿ. ಬ್ರೈಲ್ ಲಿಪಿಯ ಲೂಯಿ ಬ್ರೈಲ್ ಕಥೆಯೂ ಕಣ್ಣಿನ ಉರಿಯೂತದ್ದೇ. 1809ರಲ್ಲಿ ಹುಟ್ಟಿದ್ದು, ಅಪ್ಪನದು ಚರ್ಮದ ಕೆಲಸ. ಮೂರನೇ ವಯಸ್ಸಿನಲ್ಲಿ ಆಟವಾಡುತ್ತಾ ಚರ್ಮ ಹೊಲಿಯುವ ದಬ್ಬಣ ಒಂದು ಕಣ್ಣಿಗೆ ಚುಚ್ಚಿತು. ಆಮೇಲೆ ಪೆಟ್ಟೇ ಬೀಳದ ಇನ್ನೊಂದು ಕಣ್ಣೂ ಹೋಯಿತು. ಮಕ್ಕಳಿಗೆ ಪಾಠ ಹೇಳುವಾಗ ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ, "ಸರ್, ಇನ್ನೊಂದು ಕಣ್ಣು ಯಾಕೆ ಹೋಯಿತು?" ನನಗೆ ಉತ್ತರ ಗೊತ್ತಿರಲಿಲ್ಲ.

ಕಣ್ಣಿನ ಪಿಜಿ
ಬೆಳಿಗ್ಗೆ 11.25

ಮೇಷ್ಟ್ರೇ, ಇದು ದಾರಿ ತಪ್ಪಿದ್ದಲ್ಲ, ನೇರ ದಾರಿಯೇ. ಒಂದು ಕಣ್ಣು ತೂತಾದಾಗ ಒಳಗಿನ ಬಣ್ಣದ ಪದರ ಹೊರಗೆ ಬೀಳುತ್ತದೆ. ಅಪರೂಪಕ್ಕೆ ಮೈಯ ಕಾವಲುಪಡೆ ಅದನ್ನು ಶತ್ರು ಎಂದುಕೊಂಡು ಎರಡೂ ಕಣ್ಣಿನ ಮೇಲೆ ಏರಿಹೋಗುತ್ತದೆ. ಸಿಂಪಥೆಟಿಕ್ ಆಫ್ತಾಲ್ಮಿಯಾ ಎನ್ನುತ್ತಾರೆ. ಬ್ರೈಲ್‌ಗೆ ಆಗಿದ್ದೂ ಇದೇ ಇರಬೇಕು ಎನ್ನುತ್ತಾರೆ. ಒಳಗೆ ನಡೆಯುವುದು ವಿಕೆಎಚ್ ತರಹವೇ, ಔಷಧಿಯೂ ಹೆಚ್ಚುಕಡಿಮೆ ಅದೇ. ಆಗ ಸ್ಟೆರಾಯ್ಡ್ ಇರಲಿಲ್ಲ.

ಮೇಷ್ಟ್ರು ನಿವೃತ್ತ
ಬೆಳಿಗ್ಗೆ 11.31

ಮೂವತ್ತು ವರ್ಷ ತಡವಾಗಿ ಉತ್ತರ ಸಿಕ್ಕಿತು.

ಬೆಣ್ಣೆದೋಸೆ ದಾವಣಗೆರೆ
ಸೋಮವಾರ ಸಂಜೆ 6.30

ಅಡ್ಮಿಟ್ ಆಯಿತು. ಮೊದಲ ಡ್ರಿಪ್ ಮುಗಿಯಿತು, ಮೀಥೈಲ್ ಪ್ರೆಡ್ನಿಸೊಲೋನ್ ಒಂದು ಗ್ರಾಂ. ಬಾಯಿ ಕಬ್ಬಿಣ ನೆಕ್ಕಿದ ಹಾಗೆ ಇದೆ ಎನ್ನುತ್ತಾಳೆ.

ಬೆಳಿಗ್ಗೆ ನಡೆದದ್ದು ಹೇಳಲೇಬೇಕು. ಟೆಸ್ಟುಗಳ ಪಟ್ಟಿಯಲ್ಲಿ ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆ) ಎಂದು ಇತ್ತು. ಭಾವ ಗೂಗಲ್ ಮಾಡಿ ನೋಡಿದರು. ಮುಖ ಕೆಂಪಾಯಿತು. ಕೌಂಟರಿನಲ್ಲಿ ಜಗಳಕ್ಕೇ ನಿಂತರು, ನಮ್ಮ ಮನೆಯವರನ್ನು ಏನೆಂದುಕೊಂಡಿದ್ದೀರಿ ಎಂದು. ನರ್ಸ್ ಅಮ್ಮ ತಣ್ಣಗೆ "ಅದು ಎಲ್ಲರಿಗೂ ಮಾಡುತ್ತೇವೆ ಸರ್, ಪೂಜಾರಿಗಳಿಗೂ ಮಾಡಿದ್ದೇವೆ" ಎಂದರು. ಅಕ್ಕ ಎರಡು ವಾರದಲ್ಲಿ ಮೊದಲ ಸಲ ನಕ್ಕಳು.

ಚಿಕ್ಕಪ್ಪನಿಗೆ ಬಿಳಿರೆಪ್ಪೆ ಅಕ್ಕನ ಕಾಮೆಂಟ್ ಪೂರ್ತಿ ಓದಿದೆ. ಏನೂ ಹೇಳಲಿಲ್ಲ. "ಗಾಡಿ ತೆಗಿ" ಎಂದು ಅವರೇ ಮುಂದಿನ ಸೀಟಿನಲ್ಲಿ ಕೂತು ಬೆಂಗಳೂರಿಗೆ ಬಂದರು. ಈಗ ವಾರ್ಡಿನ ಹೊರಗೆ ಕೂತು ಎಲ್ಲರಿಗೂ ವಿಕೆಎಚ್ ಎಂದರೇನು ಎಂದು ಹೇಳುತ್ತಿದ್ದಾರೆ.

ರಾಗಿಮುದ್ದೆ
ಸಂಜೆ 6.34

ಚಿಕ್ಕಪ್ಪನಿಗೆ ಜೈ.

ಬಿಳಿರೆಪ್ಪೆ
ಸಂಜೆ 7.10

ಒಳ್ಳೆಯದಾಯಿತು. ಈಗ ಮಾತ್ರೆ ಶುರುವಾದಾಗ ಬೇಕಾಗುವ ನನ್ನ ಅನುಭವ. ಮಾತ್ರೆ ಬೆಳಿಗ್ಗೆ ತಿಂಡಿ ಆದ ಮೇಲೆ. ರಾತ್ರಿ ತಗೊಂಡರೆ ನಿದ್ದೆ ಮರೆತುಬಿಡಿ. ಸಕ್ಕರೆ, ಬಿಪಿ ಆಗಾಗ ನೋಡಿಸಿ, ಮೊದಲು ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಏರುತ್ತದೆ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಮೂಳೆಗೆ ಕ್ಯಾಲ್ಸಿಯಂ ಮಾತ್ರೆ ಬರೆದಿದ್ದಾರಾ ಕೇಳಿ. ಕಣ್ಣಿನ ಪ್ರೆಷರ್ ಪ್ರತಿ ಸಲ ಅಳೆಯಲಿ, ಸ್ಟೆರಾಯ್ಡಿನಿಂದ ಗ್ಲಾಕೋಮಾ (ಒತ್ತಡದಿಂದ ಕಣ್ಣಿನ ನರ ಹಾಳಾಗುವುದು), ಕಣ್ಣಿನ ಪೊರೆ (ಕ್ಯಾಟರಾಕ್ಟ್) ಎರಡೂ ಬರಬಹುದು. ಕೋಪ ವಿಪರೀತ ಬರುತ್ತದೆ, ಭಾವನಿಗೆ ಮೊದಲೇ ಹೇಳಿ ಇಡಿ. ನನ್ನ ಗಂಡ ಒಂದು ತಿಂಗಳು ಬಾಲ್ಕನಿಯಲ್ಲೇ ಊಟ ಮಾಡಿದರು.

ಫಾರ್ಮಸಿ ಗೆಳತಿ
ಸಂಜೆ 7.45

ಇದು ದಯವಿಟ್ಟು ಎಲ್ಲರೂ ಓದಿ. ಸ್ಟೆರಾಯ್ಡ್ ಇಳಿಸುವಾಗ ಜೊತೆಗೆ ಬೇರೆ ಮಾತ್ರೆ ಕೊಡುತ್ತಾರೆ. ಅದು ಮೆಥೋಟ್ರೆಕ್ಸೇಟ್ ಆಗಿದ್ದರೆ ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ಬೇರೆ ಮಾತ್ರೆಗಳ ಜೊತೆ ಡಬ್ಬಿಯಲ್ಲಿ ಸೇರಿಸಿ ದಿನಾ ನುಂಗಿ ಜೀವಕ್ಕೆ ಅಪಾಯ ತಂದುಕೊಂಡವರಿದ್ದಾರೆ. ಕ್ಯಾಲೆಂಡರಿನಲ್ಲಿ ವಾರದ ಒಂದು ದಿನಕ್ಕೆ ಗುರುತು ಹಾಕಿ, ಉದಾಹರಣೆಗೆ ಸೋಮವಾರ. ಅಜಾಥಿಯೊಪ್ರಿನ್ ಆದರೆ ಶುರುವಿನಲ್ಲಿ ಮೇಲಿಂದ ಮೇಲೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ಮೈಕೊಫಿನೊಲೇಟ್, ಮೆಥೋಟ್ರೆಕ್ಸೇಟ್ ಎರಡರಲ್ಲೂ ಗರ್ಭ ಧರಿಸುವ ಹಾಗಿಲ್ಲ. ಮಕ್ಕಳ ಯೋಚನೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ನಾಡಹಂಚು ತೀರ್ಥಹಳ್ಳಿ
ರಾತ್ರಿ 8.30

ಸ್ಟೆರಾಯ್ಡ್ ಅಲ್ಲದಿದ್ದರೂ ನನ್ನ ಕಡೆಯಿಂದ ಒಂದು. ಯಾರಿಗಾದರೂ ಕಣ್ಣಿಗೆ ಗ್ಯಾಸ್ ತುಂಬಿದ್ದರೆ ವಿಮಾನ ಬೇಡ, ಘಾಟಿ ಹತ್ತುವುದೂ ಕೇಳಿಯೇ. ಮೇಲೆ ಹೋದ ಹಾಗೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ನಾನು ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಆಗುಂಬೆ ಘಾಟಿ ಹತ್ತಿ ಮನೆಗೆ ಹೋಗುತ್ತೇನೆ ಎಂದೆ. ಡಾಕ್ಟರ್ ಎರಡೂ ಕೈ ಮುಗಿದರು. ಮೂರು ವಾರ ಉಡುಪಿಯಲ್ಲಿ ಭಾವಮೈದುನನ ಮನೆಯಲ್ಲಿ ಬಿದ್ದಿದ್ದೆ, ಮೊದಲ ವಾರ ಮುಖ ಕೆಳಗೆ ಹಾಕಿ. ಅವನ ಮನೆಯ ಟೈಲ್ಸ್ ಡಿಸೈನ್ ಈಗಲೂ ಬಾಯಿಪಾಠ.

ಬೆಣ್ಣೆದೋಸೆ ದಾವಣಗೆರೆ
ಹನ್ನೆರಡನೇ ದಿನ, ಸಂಜೆ 5.15

ಅಪ್‌ಡೇಟ್. ಇವತ್ತು ಮತ್ತೆ ಓಸಿಟಿ. ಆ ಪೂರಿ ಉಬ್ಬು ಪೂರ್ತಿ ಕೂತಿದೆ. ಎಡಗಣ್ಣಿನ ಅಂಚಿನಲ್ಲಿ ಮಾತ್ರ ಸ್ವಲ್ಪ ನೀರು. ಬಲಗಣ್ಣು 6/12, ಎಡಗಣ್ಣು 6/9. ಸಕ್ಕರೆ 210ಕ್ಕೆ ಹೋಗಿತ್ತು, ಅದಕ್ಕೂ ಮಾತ್ರೆ ಕೊಟ್ಟಿದ್ದಾರೆ. ನಿನ್ನೆ ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಲೈಟ್ ಉರಿಯುತ್ತಿತ್ತು. ಹೋಗಿ ನೋಡಿದರೆ ಅಕ್ಕ ಮಂಡಕ್ಕಿ ಒಗ್ಗರಣೆ ಕಲಸುತ್ತಿದ್ದಳು. ಬಿಳಿರೆಪ್ಪೆ ಅಕ್ಕ ನೆನಪಾದರು.

ಇನ್ನೊಂದು ವಿಷಯ. ಚಿಕ್ಕಪ್ಪ ಸ್ಟೆರಾಯ್ಡ್ ಬಗ್ಗೆ ಇಷ್ಟು ಕೇಳಿದ ಮೇಲೆ ಡಾಕ್ಟರಿಗೆ ತಾವೇ ಪ್ರಶ್ನೆ ಹಾಕಿದರು: ನನಗೆ ಮೂರು ವರ್ಷದ ಹಿಂದೆ ಸ್ಟೆರಾಯ್ಡ್ ಬಿಡಿ ಎಂದರು, ಆದರೆ ನಾನು ಯಾವತ್ತೂ ತಗೊಂಡೇ ಇಲ್ಲವಲ್ಲ? ಡಾಕ್ಟರ್ ಒಂದೊಂದಾಗಿ ಕೇಳಿದರು. ಆಸ್ತಮಾ ಪಂಪ್? ಇಲ್ಲ. ಮೂಗಿನ ಸ್ಪ್ರೇ? ಇಲ್ಲ. ಮುಖಕ್ಕೆ ಕ್ರೀಮ್? ಇಲ್ಲ. ಮಂಡಿಗೆ ಇಂಜೆಕ್ಷನ್? ಆಗ ಚಿಕ್ಕಪ್ಪ ಸುಮ್ಮನಾದರು. ಮಂಡಿನೋವಿಗೆ ಜಾತ್ರೆಯಲ್ಲಿ ಒಬ್ಬರ ಹತ್ತಿರ ಪುಡಿ ತರುತ್ತಿದ್ದರಂತೆ, ಲೇಬಲ್ ಇಲ್ಲದ್ದು. ಒಂದು ಚಮಚ ತಿಂದರೆ ಮಂಡಿ ಗಾಳಿಯಂತೆ ಹಗುರ ಆಗುತ್ತದಂತೆ. ಈಗಲೂ ಮನೆಯಲ್ಲಿ ಅರ್ಧ ಡಬ್ಬಿ ಇದೆ. ಇವತ್ತೇ ಬಿಸಾಕುತ್ತೇನೆ ಎನ್ನುತ್ತಿದ್ದಾರೆ.

ಫಾರ್ಮಸಿ ಗೆಳತಿ
ಸಂಜೆ 5.32

ಬಿಸಾಕಬೇಡಿ! ಅಂತಹ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸುವುದು ಮಾಮೂಲಿ. ದಿನಾ ತಿನ್ನುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಬಿಳಿರೆಪ್ಪೆ ಅವರು ಬಿದ್ದ ಹಾಗೆ ಬೀಳುತ್ತಾರೆ. ಡಬ್ಬಿ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ದಿನಕ್ಕೆ ಎಷ್ಟು ಚಮಚ ಎಂದು ಮೊದಲು ಕೇಳಿ.

ಬೆಣ್ಣೆದೋಸೆ ದಾವಣಗೆರೆ
ಸಂಜೆ 5.50

ಕೇಳಿದೆ. ಎರಡು ಎನ್ನುತ್ತಿದ್ದಾರೆ. ಚಿಕ್ಕಮ್ಮ ಒಳಗಿನಿಂದ ನಾಲ್ಕು ಎನ್ನುತ್ತಿದ್ದಾರೆ.